ಪಕ್ಕದ ಸೀಟಿಲ್ಲದ ಲಾರಿ

ಮನೆ ಬದಲಾಯಿಸುವವರು ಎಲ್ಲ ಸಾಮಾನನ್ನೂ ನಮ್ಮ ಕೈಗೆ ಒಪ್ಪಿಸಿಬಿಡುತ್ತಾರೆ, ಒಂದನ್ನು ಬಿಟ್ಟು. ಆ ಒಂದು ಯಾವುದು ಅನ್ನುವುದು ಮನೆಯಿಂದ ಮನೆಗೆ ಬೇರೆ. ಒಬ್ಬರಿಗೆ ಗೋಡೆ ಗಡಿಯಾರ, ಇನ್ನೊಬ್ಬರಿಗೆ ಹಳೇ ರೇಡಿಯೊ, ಮತ್ತೊಬ್ಬರಿಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿಯಾಗಿ ನಿಂತ ಗಿಡ. ಬೀರು, ಮಂಚ, ಫ್ರಿಜ್ಜು ಹೇಗಾದರೂ ಹೋಗಲಿ, ಇದು ಮಾತ್ರ ಲಾರಿಯ ಹಿಂದೆ ಹೋಗಕೂಡದು. ಹಾಗಂತ ತಾವೇ ಹಿಡಿದುಕೊಂಡು ಹೋಗುತ್ತಾರಾ? ಅದೂ ಇಲ್ಲ. ನಮ್ಮ ಮುಖ ನೋಡುತ್ತಾ ನಿಲ್ಲುತ್ತಾರೆ. ಆಗ ನನ್ನ ಭಾವ ಮುಂದೆ ಬಂದು, "ಕೊಡಿ ಇಲ್ಲಿ, ನನ್ನ ತೊಡೆ ಮೇಲೆ ಇಟ್ಕೋತೀನಿ" ಅನ್ನುತ್ತಿದ್ದರು. ಅಷ್ಟು ಹೇಳಿದರೆ ಸಾಕು, ಅವರಿಗೆ ಸಮಾಧಾನವಾಗುತ್ತಿತ್ತು. ಊರಿನ ಅರ್ಧ ಜನರ ಪ್ರೀತಿಯ ವಸ್ತುಗಳು ನನ್ನ ಭಾವನ ತೊಡೆಯ ಮೇಲೆ ಕೂತು ಹೊಸ ಮನೆ ಸೇರಿವೆ.

ಈಚೆಗೆ ಒಂದು ದಿನ ಮೂರನೇ ಮಹಡಿಯ ಟೀಚರಮ್ಮ ಕೊಟ್ಟದ್ದು ಒಂದು ಗಾಜಿನ ಬಟ್ಟಲು. ಅದರಲ್ಲಿ ಬೆರಳುದ್ದದ ಒಂದೇ ಒಂದು ಮೀನು. ಹಿಂದೊಮ್ಮೆ ಅವರ ಸಾಮಾನು ಸಾಗಿಸಿದ್ದು ನಾವೇ, ಹಾಗಾಗಿ ಪರಿಚಯ ಇತ್ತು.

"ಹೋದ್ಸಲ ನಿಮ್ಮ ಜೊತೆ ಇನ್ನೊಬ್ರು ಬಂದಿದ್ರಲ್ಲ? ನಗ್ತಾ ಮಾತಾಡೋರು?"

"ಅವರು ನಮ್ಮ ಭಾವ. ಈಗ ಬರ್ತಿಲ್ಲ."

"ಹಾಗಾದ್ರೆ ಮೀನು?"

"ನಗ್ತಾ ಮಾತಾಡೋರು ಬಂದ್ರೇನೇ ಹೋಗ್ತೀನಿ ಅನ್ನುತ್ತಾ ಮೀನು? ಕೊಡಿ, ನಾನು ತಗೊಂಡು ಹೋಗ್ತೀನಿ."

ಬಾಯಿಗೆ ಬಂದದ್ದು ಅದು. ಒರಟಾಗಿ ಉತ್ತರ ಕೊಟ್ಟೆ ಅಂತ ಮೆಟ್ಟಿಲು ಇಳಿಯುವಾಗ ಅನ್ನಿಸಿತು. ಪಕ್ಕದ ಸೀಟಿನ ಮೇಲೆ ಕಂಬಳಿ ಮಡಿಸಿ, ಅದರ ನಡುವೆ ಬಟ್ಟಲಿಟ್ಟು, ಬೆಲ್ಟು ಸುತ್ತಿ ಕಟ್ಟಿದೆ. ಎಷ್ಟು ನಿಧಾನಕ್ಕೆ ಓಡಿಸಿದರೂ ಒಂದೊಂದು ತಿರುವಿಗೂ ನೀರು ತುಳುಕಿತು. ಹೊಸ ಮನೆ ಮುಟ್ಟುವ ಹೊತ್ತಿಗೆ ಮೀನಿಗೆ ಈಜುವುದಕ್ಕಲ್ಲ, ಮಲಗುವುದಕ್ಕೆ ಸಾಕಾಗುವಷ್ಟು ನೀರು ಉಳಿದಿತ್ತು. ಟೀಚರಮ್ಮ ಒಂದು ಸಲ ಬಟ್ಟಲು ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ತಿರುಗಿ ಏನಾದರೂ ಹೇಳಬಹುದಿತ್ತು.

ನಮ್ಮದು ಮನೆ ಸಾಮಾನು ಸಾಗಿಸುವ ಲಾರಿ. ನಾನು ಓಡಿಸುವವನು, ಭಾವ ಪಕ್ಕದಲ್ಲಿ ಕೂರುವವರು. ಎತ್ತಿ ಇಳಿಸುವ ಇಬ್ಬರು ಆಳುಗಳು ತಮ್ಮ ಬೈಕಿನಲ್ಲೇ ಹಿಂದೆ ಬರುತ್ತಾರೆ. ಕೂರುವುದೂ ಒಂದು ಕೆಲಸವೇ ಅಂತ ಕೇಳಬೇಡಿ. ಯಾವ ಮೆಟ್ಟಿಲ ತಿರುವಿನಲ್ಲಿ ಸೋಫಾ ಹಿಡಿಯುವುದಿಲ್ಲ, ಯಾವ ಬೀರುವಿನ ಕಾಲು ಬಿಚ್ಚಬೇಕು, ಕನ್ನಡಿಯನ್ನು ಯಾವ ಎರಡು ಹಾಸಿಗೆಗಳ ನಡುವೆ ನಿಲ್ಲಿಸಬೇಕು, ಎಲ್ಲ ಅವರೇ ಹೇಳಬೇಕು. ಕೊನೆಗೆ ಅಳುತ್ತಿರುವ ಮನೆಯಾಕೆಗೆ, "ಹೊಸ ಮನೇಲಿ ಬಿಸಿಲು ಚೆನ್ನಾಗಿ ಬರುತ್ತಮ್ಮ, ನೋಡಿ ಬೇಕಾದ್ರೆ" ಅಂತ ಹೇಳುವುದೂ ಅವರದೇ ಕೆಲಸ. ಆ ಮನೆಯನ್ನು ಅವರು ಕಂಡೇ ಇರುವುದಿಲ್ಲ.

ಹೋದ ವರ್ಷ ನನ್ನ ಅಕ್ಕ ತೀರಿಕೊಂಡಳು. ಭಾವ ಅದಾದ ಮೇಲೂ ಕೆಲವು ವಾರ ಕೆಲಸಕ್ಕೆ ಬಂದರು. ಬಂದು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಹೆಂಡತಿ ಹೋಗಿದ್ದಾಳೆ, ದುಃಖ ಇರುತ್ತದೆ, ನೋಡಲಿ ಬಿಡು ಅಂತ ನಾನೂ ಸುಮ್ಮನಿದ್ದೆ. ಆಮೇಲೆ ಮಂಡಿ ನೋವು ಶುರುವಾಯಿತು. ಲಾರಿಯ ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ ಅಂದರು. ಊರಿನ ಇನ್ನೊಂದು ತುದಿಯಲ್ಲಿರುವ ಮಗಳ ಮನೆಗೆ ಹೋದರು. ಅವರ ಬಟ್ಟೆಬರೆ, ಕುರ್ಚಿ, ಅಕ್ಕನ ಮಸಾಲೆ ಡಬ್ಬಿ ಎಲ್ಲವನ್ನೂ ಇದೇ ಲಾರಿಯಲ್ಲಿ ಸಾಗಿಸಿದ್ದು ನಾನೇ.

ಅಲ್ಲಿಂದ ಈಚೆಗೆ ನಾನು ಒಬ್ಬನೇ. ನನಗೆ ಮದುವೆಯಾಗಿಲ್ಲ. ಇರುವುದು ಲಾರಿ ನಿಲ್ಲಿಸುವ ಶೆಡ್ಡಿನ ಮೇಲಿನ ಒಂದು ರೂಮಿನಲ್ಲಿ. ಒಂದು ಸ್ಟೌವು, ಒಂದು ಮಂಚ, ಗಿರಾಕಿಗಳು ಬೇಡವೆಂದು ಬಿಟ್ಟುಹೋದ ನಾಲ್ಕು ಥರದ ನಾಲ್ಕು ಕುರ್ಚಿಗಳು. ಕುರ್ಚಿಗಳಿಗೆ ಬರವಿಲ್ಲ, ಕೂರುವವರಿಗೆ ಬರ. ಮನೆಯಲ್ಲಿ ಒಬ್ಬನೇ ಇರುವುದು ನನಗೆ ಹೊಸದಲ್ಲ, ಅದು ಅಭ್ಯಾಸವಾಗಿತ್ತು. ಆದರೆ ಗಾಡಿಯಲ್ಲಿ ಒಬ್ಬನೇ ಆದದ್ದು ಹೊಸದು. ನನ್ನ ಮಾತೆಲ್ಲ ಗಾಡಿಯೊಳಗಿನ ಮಾತು. ಮುಂದಿನ ಗಾಡಿಯವನ ಮೇಲೆ, ರಸ್ತೆಯ ಹೊಂಡದ ಮೇಲೆ, ಗಿರಾಕಿಯ ಜಿಪುಣತನದ ಮೇಲೆ ನಾನು ಗೊಣಗಬೇಕು, ಭಾವ ನಗಬೇಕು. ನನಗೆ ಅವರಿಟ್ಟ ಹೆಸರೇ ಗೊಣಗ. ಕೇಳುವವರಿಲ್ಲದೆ ಗೊಣಗುವುದು ಎಷ್ಟು ಸಂಕಟದ ಕೆಲಸ ಅನ್ನುವುದು ಅನುಭವಿಸಿದವನಿಗೇ ಗೊತ್ತು. ಒಂಟಿತನ ಕಾಡುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮಂಡಿ ವಾಸಿಯಾಗುತ್ತದೆ, ಭಾವ ಬರುತ್ತಾರೆ ಅಂತ ದಿನ ನೂಕುತ್ತಿದ್ದೆ.

ಹೀಗಿರುವಾಗ ಹಳೇ ಪೇಟೆಯೊಳಗೆ ಡೀಸೆಲ್ ಲಾರಿ ಬಿಡುವುದಿಲ್ಲ ಅಂತ ಆಯಿತು. ಬರುವ ವರ್ಷದಿಂದ ಹೊಗೆ ಬಿಡುವ ಗಾಡಿ ಯಾವುದೂ ಆ ಬೀದಿಗಳಿಗೆ ಕಾಲಿಡಕೂಡದಂತೆ. ನಮ್ಮ ಬಾಡಿಗೆಯ ಮುಕ್ಕಾಲು ಪಾಲು ಅಲ್ಲಿಯದೇ. ಹಳೇ ಪೇಟೆಯ ಜನಕ್ಕೆ ಒಂದು ಮನೆಯಲ್ಲಿ ಕಾಲು ನಿಲ್ಲುವುದಿಲ್ಲ, ಬೆಕ್ಕು ಮರಿ ಸಾಗಿಸಿದ ಹಾಗೆ ಸಂಸಾರ ಸಾಗಿಸುತ್ತಲೇ ಇರುತ್ತಾರೆ. ಆ ಬೀದಿಗಳು ತಪ್ಪಿದರೆ ನನ್ನ ಕಸುಬು ಮುಕ್ಕಾಲು ಪಾಲು ಹೋದಂತೆ.

ಅದೇ ಹೊತ್ತಿಗೆ ಒಂದು ಕಂಪನಿಯವರು ಹೊಸ ಕರೆಂಟ್ ಲಾರಿ ತರುತ್ತೇವೆ ಅಂತ ಸಾರಿದರು. ಕಿರಿದಾದ ಬೀದಿಗಳಿಗೆಂದೇ ಮಾಡಿದ್ದು. ಹಿಂದಿನ ಹಲಗೆ ತಾನೇ ನೆಲಕ್ಕಿಳಿದು ಬೀರುವನ್ನು ಎತ್ತಿಕೊಳ್ಳುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಶನಿವಾರದೊಳಗೆ ಬುಕ್ ಮಾಡಿದವರಿಗೆ ವರ್ಷ ತಿರುಗುವ ಮುಂಚೆ ಗಾಡಿ. ತಪ್ಪಿದರೆ ಯಾವಾಗ ಸಿಗುತ್ತದೋ ಅವರಿಗೂ ಗೊತ್ತಿಲ್ಲ. ಆದರೆ ಓಡಿಸಿ ನೋಡುವುದು ಮಾತ್ರ ಬುಕ್ಕಿಂಗ್ ಮುಗಿದ ಮೇಲೆ. ಶೋರೂಮಿನಲ್ಲಿ ಒಂದನ್ನು ತಂದು ನಿಲ್ಲಿಸಿದ್ದಾರೆ, ಹತ್ತಿ ಕೂರಬಹುದು, ಅಷ್ಟೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ ಅಂತಾರಲ್ಲ, ಅದೇ ಕಥೆ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲು ಆಗದ್ದು ಇನ್ನೊಂದು. ಆ ಲಾರಿಗೆ ಒಂದೇ ಸೀಟು. ಕ್ಯಾಬಿನ್ನಿನ ನಟ್ಟನಡುವೆ, ಡ್ರೈವರಿನದು. ಎರಡು ಸೀಟಿನದು ಮುಂದೆ ಯಾವಾಗಲಾದರೂ ಬರಬಹುದಂತೆ.

ನಾವು ಗಾಡಿ ಕೊಳ್ಳುವ ಪದ್ಧತಿ ಗೊತ್ತಿದ್ದರೆ ನನ್ನ ಫಜೀತಿ ನಿಮಗೆ ಅರ್ಥವಾಗುತ್ತದೆ. ಗಾಡಿ ಪರೀಕ್ಷೆ ಮಾಡಬೇಕಾದವನು ಓಡಿಸುವವನಲ್ಲ, ಪಕ್ಕದಲ್ಲಿ ಕೂರುವವನು ಅನ್ನುವುದು ಭಾವನ ಸಿದ್ಧಾಂತ. "ಓಡಿಸೋನಿಗೆ ಮೋಹ ಬಂದುಬಿಡುತ್ತೆ ಕಣೋ, ಹೊಸ ಮದುಮಗನ ಹಾಗೆ. ಅವನಿಗೆ ಎಲ್ಲಾ ಚೆಂದಾನೇ. ಪಕ್ಕದಲ್ಲಿ ಕೂತೋನಿಗೆ ಮಾತ್ರ ನಿಜ ಗೊತ್ತಾಗೋದು" ಅನ್ನುತ್ತಿದ್ದರು. ಈಗಿನ ಲಾರಿ ಕೊಳ್ಳುವಾಗ ಕೈಯಲ್ಲಿ ತುಂಬಿದ ಟೀ ಲೋಟ ಹಿಡಿದು ಪಕ್ಕದಲ್ಲಿ ಕೂತರು. ಒಂದು ಗಾಡಿಯಲ್ಲಿ ಟೀ ಪ್ಯಾಂಟಿನ ಮೇಲೆ ಚೆಲ್ಲಿತು, ಬೇಡ ಅಂದರು. ಇನ್ನೊಂದರಲ್ಲಿ ಚೆಲ್ಲಲಿಲ್ಲ, ಆದರೆ ಬಾಗಿಲು ಹಲ್ಲು ಕಡಿಯುತ್ತದೆ ಅಂದರು. ಮೂರನೆಯದರಲ್ಲಿ ಟೀ ಕುಡಿದು ಮುಗಿಸಿ, "ಇದು ನಮ್ಮದು" ಅಂದರು. ನಾನು ಮೂರನ್ನೂ ಓಡಿಸಿದ್ದೆ, ಮೂರೂ ನನಗೆ ಇಷ್ಟವಾಗಿದ್ದವು.

ಶುಕ್ರವಾರ ಭಾವನ ಮಗಳಿಗೆ ಫೋನ್ ಮಾಡಿದೆ.

"ನಿಮ್ಮಪ್ಪನ್ನ ನಾಳೆ ಮಧ್ಯಾಹ್ನ ಕರ್ಕೊಂಡು ಹೋಗ್ತೀನಿ. ಹೊಸ ಗಾಡಿ ನೋಡೋಕೆ."

"ಕರ್ಕೊಂಡು ಹೋಗಿ ಮಾಮ. ಮನೇಲಿ ಕೂತು ಕೂತು ಟಿವಿಯೋರಿಗೆಲ್ಲ ಬುದ್ಧಿ ಹೇಳ್ತಿದಾರೆ."

ಒಂದೇ ಸೀಟು ಅನ್ನುವುದನ್ನು ಅವಳಿಗೆ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ. ಫೋನಿನಲ್ಲಿ ಬಾಯಿ ಬರಲಿಲ್ಲ. ಅವರೇ ಕಣ್ಣಾರೆ ನೋಡಲಿ, ನೋಡಿ "ಇದು ಬೇಡ ಕಣೋ, ಕಾಯೋಣ, ನಾನು ಬರ್ತೀನಿ" ಅನ್ನಲಿ ಅಂತ ಆಸೆ ಇತ್ತು. ಅವರ ಬಾಯಿಂದ ಆ ಒಂದು ಮಾತು ಬಂದಿದ್ದರೆ ಹಳೇ ಪೇಟೆ ಹಾಳಾಗಿ ಹೋಗಲಿ ಅಂತ ಬಿಟ್ಟುಬಿಡುತ್ತಿದ್ದೆ.

ಶನಿವಾರ ಹೋದಾಗ ಭಾವ ಗೇಟಿನ ಹತ್ತಿರವೇ ನಿಂತಿದ್ದರು. ಸ್ವಲ್ಪ ಸೊರಗಿದ್ದರು, ಆದರೆ ಗಡ್ಡ ನೀಟಾಗಿ ಬೋಳಿಸಿದ್ದರು. ನಾನು ಇಳಿದು ಕೈ ಕೊಡೋಣ ಅನ್ನುವಷ್ಟರಲ್ಲಿ ಹಿಡಿಕೆ ಹಿಡಿದು, ಎರಡು ಹೆಜ್ಜೆಯಲ್ಲಿ ಮೇಲೆ ಹತ್ತಿ ಕೂತುಬಿಟ್ಟರು. ಉಸಿರು ಕೂಡ ಹೆಚ್ಚಾಗಲಿಲ್ಲ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಂಡಿ ಸರಿಹೋಗಿದೆ. ಇನ್ನೇನು ಬೇಕು?

"ಮಂಡಿ ಹೇಗಿದೆ?"

"ಇದೆ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ದಾರಿಯುದ್ದಕ್ಕೂ ನನಗೆ ಮಾತು ಉಕ್ಕಿ ಬಂತು. ಎಷ್ಟೋ ತಿಂಗಳಿಂದ ಕೂಡಿಟ್ಟದ್ದು. ಹೊಸ ಆಳು ವಾಷಿಂಗ್ ಮಷೀನನ್ನು ಮಲಗಿಸಿ ತಂದದ್ದು, ಟೀಚರಮ್ಮನ ಮೀನು, ಶೆಡ್ಡಿನ ಮಾಲೀಕನ ಹೊಸ ಹಲ್ಲು ಸೆಟ್ಟು, ಎಲ್ಲ ಹೇಳಿದೆ. ಭಾವ ಕಿಟಕಿಯ ಕಡೆ ತಿರುಗಿ ಕೂತು ಹೂಂಗುಟ್ಟಿದರು. ಹಲ್ಲು ಸೆಟ್ಟಿನ ವಿಷಯಕ್ಕೆ ಒಂದು ಸಲ ನಕ್ಕರು. ಅದೂ ಗಾಜಿನ ಕಡೆಗೇ.

ಶೋರೂಮು ದೊಡ್ಡದಾಗಿತ್ತು, ತಣ್ಣಗಿತ್ತು. ನೆಲ ಎಷ್ಟು ನುಣುಪು ಅಂದರೆ ನಮ್ಮ ಚಪ್ಪಲಿಯ ಸದ್ದು ಕೇಳಿ ನಮಗೇ ನಾಚಿಕೆಯಾಯಿತು. ನಡುವೆ ಗೇಣೆತ್ತರದ ಜಗಲಿಯ ಮೇಲೆ ಬಿಳೀ ಬಣ್ಣದ ಲಾರಿ ನಿಂತಿತ್ತು. ಚೆನ್ನಾಗಿಯೇ ಇತ್ತು, ಅಲ್ಲಗಳೆಯುವುದಿಲ್ಲ. ಅಲ್ಲಿದ್ದ ಹುಡುಗಿ ನಗುತ್ತಾ ಬಂದು, "ಹತ್ತಿ ಕೂತು ನೋಡಿ ಸರ್" ಅಂದಳು.

ಆಗ ಆದದ್ದು ಇದು. ನಾನು ನನ್ನ ಬದಿಯ ಬಾಗಿಲಿಗೆ ಹೋದೆ. ಭಾವ ಏನೂ ಯೋಚಿಸದೆ, ಇಷ್ಟು ವರ್ಷ ಹೋದ ಹಾಗೆ, ಲಾರಿಯ ಮೂತಿಯನ್ನು ಸುತ್ತಿ ಆಚೆ ಬದಿಗೆ ನಡೆದರು. ಕರೆಯಬೇಕಿತ್ತು. ಬಾಯಿ ಬರಲಿಲ್ಲ. ನಾನು ಮೇಲೆ ಹತ್ತಿ ನಡುವಿನ ಸೀಟಿನಲ್ಲಿ ಕೂತೆ. ಆಚೆ ಬದಿಯ ಗಾಜಿನ ಕೆಳಗೆ ಭಾವನ ನೆತ್ತಿ ಕಾಣುತ್ತಿತ್ತು. ಅವರ ಕೈ ನುಣ್ಣನೆಯ ತಗಡಿನ ಮೇಲೆ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮತ್ತೆ ಕೆಳಗೆ ತಡವಿತು. ಹಿಡಿಕೆ ಹುಡುಕುತ್ತಿದ್ದರು. ಆಮೇಲೆ ಬೆರಳ ಗೆಣ್ಣಿನಿಂದ ಗಾಜು ಬಡಿದರು.

"ಒಳಗಿಂದ ತೆಗಿಯೋ, ಲಾಕಾಗಿದೆ."

ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಏನನ್ನು ತೆಗೆಯಲಿ?

ಹುಡುಗಿ ಓಡಿ ಬಂದಳು. "ಸರ್, ಆ ಕಡೆ ಬಾಗಿಲಿಲ್ಲ. ಇದು ಸಿಂಗಲ್ ಸೀಟ್ ಸರ್, ಡ್ರೈವರ್ ಮಾತ್ರ."

ಭಾವ ಕೈ ಹಿಂದೆ ತೆಗೆದುಕೊಂಡರು. ಒಂದು ಹೆಜ್ಜೆ ಹಿಂದೆ ಸರಿದು ಲಾರಿಯನ್ನು ತಲೆಯಿಂದ ಬುಡದವರೆಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಮುಖವನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದು ವಾಸಿಯಿತ್ತು. ಆದರೆ ಅವರು ಬೈಯುವವರಲ್ಲ. ಹುಡುಗಿಯ ಕಡೆ ತಿರುಗಿ, "ನೋಡಮ್ಮ, ಇವನು ನನ್ನ ಹೆಂಡತಿಯ ತಮ್ಮ. ಹೆಣ್ಣು ಕೊಟ್ಟೋರು ಕೂರೋಕೆ ಜಾಗಾನೂ ಕೊಡ್ಬೇಕು ತಾನೇ? ಹೇಗೆ ಕರ್ಕೊಂಡು ಬಂದು ಹೊರಗೆ ನಿಲ್ಲಿಸಿದಾನೆ ನೋಡು" ಅಂದರು. ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಅವರಿಗೂ ಬಂದಿರಲಿಲ್ಲ.

ಗೋಡೆಯ ಪಕ್ಕದ ಸೋಫಾದಲ್ಲಿ ನಮ್ಮನ್ನು ಕೂರಿಸಿ ಹುಡುಗಿ ಕಾಗದದ ಲೋಟದಲ್ಲಿ ಟೀ ತಂದುಕೊಟ್ಟಳು. ಯೋಚನೆ ಮಾಡಿ ಹೇಳಿ ಸರ್, ಆರು ಗಂಟೆಗೆ ಬುಕ್ಕಿಂಗ್ ಮುಗಿಯುತ್ತೆ ಅಂತ ಹೇಳಿ ಹೋದಳು. ಇನ್ನು ಸುಮ್ಮನಿರುವುದರಲ್ಲಿ ಅರ್ಥವಿರಲಿಲ್ಲ.

"ಭಾವ, ಒಂದು ಮಾತು ಕೇಳ್ತೀನಿ. ಸುತ್ತಿ ಬಳಸಿ ಕೇಳೋಕೆ ನನಗೆ ಬರಲ್ಲ."

"ನೇರವಾಗಿ ಕೇಳೋಕೂ ಬರಲ್ಲ ನಿಂಗೆ. ಕೇಳು."

"ನಿಮ್ಮ ಮಂಡಿ ವಾಸಿಯಾಗಿದೆ."

"ಅದು ಪ್ರಶ್ನೆ ಅಲ್ವಲ್ಲ."

"ವಾಪಸ್ ಬರ್ತೀರಾ? ಬರ್ತೀನಿ ಅಂದ್ರೆ ಇದನ್ನ ಬುಕ್ ಮಾಡಲ್ಲ. ಎರಡು ಸೀಟಿಂದು ಬರೋವರೆಗೂ ಕಾಯ್ತೀನಿ. ಅಲ್ಲೀತನಕ ಹೊರಗಿನ ಬಾಡಿಗೆ ಹೊಡ್ಕೊಂಡಿರೋಣ. ಇಬ್ರ ಹೊಟ್ಟೆಗೆ ಸಾಕು."

ಭಾವ ಟೀ ಲೋಟವನ್ನು ಕೆಳಗಿಟ್ಟರು. ಎದುರಿಗಿದ್ದ ಲಾರಿಯನ್ನೇ ನೋಡುತ್ತಾ ಕೂತರು. ನಾನು ಅವರ ಬಾಯನ್ನೇ ನೋಡುತ್ತಾ ಕೂತೆ.

"ಮಂಡಿ ನೋವು ಸುಳ್ಳಲ್ಲ. ಇತ್ತು. ಬೇಗ ಹೋಯ್ತು. ಆಮೇಲೆ ಇದೆ ಅಂತ ಹೇಳ್ತಾ ಬಂದೆ."

"ಯಾಕೆ?"

"ನೀನು ಥೇಟ್ ಅವಳ ಹಾಗೇ ಇದ್ದೀಯ ಕಣೋ."

ನನಗೆ ತಕ್ಷಣ ತಿಳಿಯಲಿಲ್ಲ. ಯಾರ ಹಾಗೆ ಅಂತ ಕೇಳಲು ಹೊರಟು ಬಾಯಿ ಮುಚ್ಚಿಕೊಂಡೆ.

"ಮೊದ್ಲು ನಂಗೇ ಗೊತ್ತಿರ್ಲಿಲ್ಲ" ಅಂದರು ಭಾವ. "ಅವಳು ಮನೇಲಿರ್ತಿದ್ಲು, ನೀನು ಗಾಡೀಲಿರ್ತಿದ್ದೆ. ಇಬ್ರನ್ನೂ ಪಕ್ಕಪಕ್ಕ ನಿಲ್ಲಿಸಿ ಯಾರು ನೋಡ್ತಾರೆ? ಅವಳು ಹೋದ್ಮೇಲೆ ಒಂದಿನ ಸಿಗ್ನಲ್‌ನಲ್ಲಿ ನಿಂತಿದ್ವಿ. ಮುಂದಿನ ಕಾರಿನೋನು ಹೊರಡ್ಲಿಲ್ಲ. ನೀನು, 'ಬೇರು ಬಿಟ್ಕೊಂಡು ಕೂತಿದಾನೆ ನೋಡಿ' ಅಂದೆ. ತಿರುಗಿ ನೋಡ್ತೀನಿ, ಅದೇ ಮೂಗು, ಅದೇ ಗದ್ದ. ನಾನು ಸ್ನಾನಕ್ಕೆ ಹೋಗಿ ತಡ ಮಾಡಿದ್ರೆ ಅವಳು ಬಾಗಿಲ ಹೊರಗೆ ನಿಂತು ಅದೇ ಮಾತು ಅಂತಿದ್ಲು. ಬೇರು ಬಿಟ್ಕೊಂಡು ಕೂತ್ರಾ ಒಳಗೆ ಅಂತ. ಅವತ್ತಿಂದ ನಾನು ಕಿಟಕಿ ಕಡೆ ತಿರುಗಿ ಕೂತೆ. ಕಣ್ಣನ್ನಾದ್ರೆ ತಿರುಗಿಸ್ಬಹುದು. ಕಿವಿ ಎಲ್ಲಿಗೆ ತಿರುಗಿಸ್ಲಿ?"

"ಹಾಗಿದ್ರೆ ನಾನು ಮಾತಾಡಲ್ಲ" ಅಂದೆ. "ಬಾಯಿ ಹೊಲ್ಕೊಂಡು ಓಡಿಸ್ತೀನಿ."

"ನೀನಾ?" ಅಂತ ಸ್ವಲ್ಪ ನಕ್ಕರು. "ಮಾತು ನಿಲ್ಲಿಸ್ತೀಯ, ಸರಿ. ಸಿಟ್ಟು ಬಂದಾಗ ಮೂಗಲ್ಲಿ ಉಸಿರು ಬಿಡ್ತೀಯಲ್ಲ, ಅದನ್ನ ಏನ್ ಮಾಡ್ತೀಯ? ಅದೂ ಅವಳದೇ. ನಿನ್ನ ತಪ್ಪಲ್ಲ ಅಪ್ಪಾ. ಬರ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ, ಆಗ್ಲಿಲ್ಲ. ದಿನಾ ಬೆಳಗಿಂದ ಸಂಜೆವರೆಗೆ ಅಷ್ಟು ಹತ್ರ ಕೂರೋಕೆ ನನ್ನ ಕೈಲಾಗಲ್ಲ. ಇದನ್ನ ತಗೋ. ನನಗೋಸ್ಕರ ಕಾಯ್ಬೇಡ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ. ಮಂಡಿಯಾಗಿದ್ದರೆ ಎಣ್ಣೆ ತಿಕ್ಕಬಹುದಿತ್ತು, ಡಾಕ್ಟರಿಗೆ ತೋರಿಸಬಹುದಿತ್ತು, ಲಾರಿಗೆ ಇನ್ನೊಂದು ಮೆಟ್ಟಿಲು ಹಾಕಿಸಬಹುದಿತ್ತು. ಮೂಗಿಗೆ ಏನು ಮಾಡುವುದು? ಅವಳು ನನಗೂ ಅಕ್ಕನೇ ಅಲ್ಲವಾ? ಇವರಿಗಿಂತ ಮುಂಚೆಯಿಂದ ನನ್ನವಳು. ನನ್ನನ್ನು ನೋಡಿದರೆ ಇವರಿಗೆ ಅವಳು ಕಾಣುತ್ತಾಳೆ. ನನಗೆ ಯಾರನ್ನು ನೋಡಿದರೆ ಕಾಣುತ್ತಾಳೆ? ಅದನ್ನೆಲ್ಲ ಕೇಳಬೇಕೆನ್ನಿಸಿತು. ಮೂಗಿನಲ್ಲಿ ಉಸಿರು ಜೋರಾಗಿ ಹೊರಬರುವುದು ನನಗೇ ಕೇಳಿಸಿ, ಅಲ್ಲಿಗೇ ನಿಲ್ಲಿಸಿದೆ.

ಹುಡುಗಿ ಮತ್ತೆ ಬಂದಳು. "ಏನು ಯೋಚನೆ ಮಾಡಿದ್ರಿ ಸರ್? ಓಡಿಸಿ ನೋಡದೆ ಬುಕ್ ಮಾಡೋಕೆ ಕೆಲವರು ಹಿಂದೆಮುಂದೆ ನೋಡ್ತಾರೆ. ಅದು ಸಹಜ. ಬೇಕಿದ್ರೆ ನಮ್ಮ ಮ್ಯಾನೇಜರ್ ಜೊತೆ ಮಾತಾಡಿಸ್ತೀನಿ."

"ಓಡಿಸಿ ನೋಡಿದ್ರೆ ಏನು ಗೊತ್ತಾಗುತ್ತಮ್ಮ?" ಅಂದೆ. "ಓಡಿಸೋನಿಗೆ ಎಲ್ಲಾ ಚೆಂದಾನೇ. ಪಕ್ಕದಲ್ಲಿ ಕೂರೋರೇ ಇಲ್ಲ ಅಂದ್ಮೇಲೆ ಇವತ್ತಾದ್ರೇನು, ಮುಂದಿನ ತಿಂಗಳಾದ್ರೇನು. ಬರ್ಕೊಳ್ಳಿ."

ಅವಳಿಗೆ ಅರ್ಥವಾಗಲಿಲ್ಲ, ಆದರೆ ಬರೆದುಕೊಂಡಳು. ಬಣ್ಣ ಯಾವುದು ಅಂತ ಕೇಳಿದಳು. ಯಾವುದಾದರೂ ಹಾಕಿ ಅಂದೆ. ಭಾವ ಪಕ್ಕದಿಂದ, "ಬಿಳೀದು ಬೇಡ, ದಿನಾ ತೊಳೀಬೇಕಾಗುತ್ತೆ, ಇವನು ತೊಳೆಯೋನಲ್ಲ" ಅಂತ ಹೇಳಿ ಬೂದು ಬಣ್ಣ ಬರೆಸಿದರು. ಒಂದು ಕಡೆ ಹೆಬ್ಬೆಟ್ಟು ಒತ್ತಿ ಅಂದಳು, ಒತ್ತಿದೆ. ಫೋನಿಗೆ ಅಭಿನಂದನೆಗಳು ಅಂತ ಮೆಸೇಜು ಬಂತು. ಅಷ್ಟೇ, ಮುಗಿಯಿತು.

ವಾಪಸ್ಸು ಹೊರಟಾಗ ಬೀದಿ ತುಂಬಾ ಗಾಡಿಗಳು. ಭಾವ ತಮ್ಮ ಜಾಗದಲ್ಲಿ ಕೂತು ಕಿಟಕಿಯ ಕಡೆ ತಿರುಗಿಕೊಂಡರು. ನಾನು ರಸ್ತೆ ನೋಡುತ್ತಾ ಓಡಿಸಿದೆ. ಒಂದು ಟ್ಯಾಕ್ಸಿಯವನು ಅಡ್ಡ ಬಂದ, ಸುಮ್ಮನಿದ್ದೆ. ಹಸಿರು ದೀಪ ಬಂದರೂ ಮುಂದಿನವನು ಕದಲಲಿಲ್ಲ. ಬಾಯಿಯ ತುದಿಗೆ ಅದೇ ಮಾತು ಬಂತು, ಹಲ್ಲು ಕಚ್ಚಿ ಹಿಡಿದೆ. ಉಸಿರನ್ನೂ ಬಾಯಲ್ಲೇ ಬಿಟ್ಟೆ, ಮೀನಿನ ಹಾಗೆ. ಇಷ್ಟು ವರ್ಷದಲ್ಲಿ ಆ ಗಾಡಿಯೊಳಗೆ ಅಷ್ಟು ಮೌನ ಇದ್ದದ್ದು ನನಗೆ ನೆನಪಿಲ್ಲ. ನನ್ನ ಮುಖವನ್ನು ತೆಗೆದು ಲಾರಿಯ ಹಿಂದೆ ಇಡುವುದು ಸಾಧ್ಯವಿದ್ದರೆ ಇಟ್ಟುಬಿಡುತ್ತಿದ್ದೆ, ಅವರು ಆರಾಮಾಗಿ ಕೂರಲಿ ಅಂತ.

ಮಗಳ ಮನೆಯ ಗೇಟಿನ ಮುಂದೆ ನಿಲ್ಲಿಸಿದೆ. ಭಾವ ಇಳಿದರು, ಬಾಗಿಲು ಹಾಕಿದರು. ಹೊರಟುಹೋಗುತ್ತಾರೆ ಅಂದುಕೊಂಡು ಗೇರಿಗೆ ಕೈ ಹಾಕಿದೆ. ಅವರು ಲಾರಿಯನ್ನು ಸುತ್ತಿಕೊಂಡು ನನ್ನ ಕಿಟಕಿಯ ಕೆಳಗೆ ಬಂದು ನಿಂತರು. ನಾನು ಗಾಜು ಇಳಿಸಿದೆ, ಆದರೆ ಮುಖವನ್ನು ರಸ್ತೆಯ ಕಡೆಗೇ ಇಟ್ಟುಕೊಂಡೆ.

"ದಾರೀಲಿ ಒಂದು ಮಾತೂ ಆಡ್ಲಿಲ್ಲ" ಅಂದರು.

"ನೀವೇ ಹೇಳಿದ್ರಲ್ಲ, ಕಿವಿ ತಿರುಗಿಸೋಕಾಗಲ್ಲ ಅಂತ."

"ಹೇಳಿದೆ." ಅಲ್ಲೇ ನಿಂತರು. ಕಿಟಕಿಯ ಅಂಚಿನ ಧೂಳನ್ನು ಬೆರಳಿನಿಂದ ಒರೆಸಿದರು. "ಈ ಕಡೆ ತಿರುಗು ಸ್ವಲ್ಪ."

ತಿರುಗಿದೆ. ಅವರು ನೋಡಿದರು. ಅಕ್ಕ ಹೋದ ಮೇಲೆ ನನ್ನ ಮುಖವನ್ನು ಅವರು ಅಷ್ಟು ಹೊತ್ತು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಒಂದ್ಸಲ ಬೈಯೋ" ಅಂದರು.

"ಯಾರನ್ನ?"

"ನನ್ನ. ಏನಾದ್ರೂ ಸರಿ. ಅವಳು ಬೈತಿದ್ದ ಹಾಗೆ. ಮನೇಲಿ ಮಗಳು ಬೈಯಲ್ಲ, ಅಳಿಯ ಬೈಯಲ್ಲ. ಎಲ್ರೂ ತುಂಬಾ ಚೆನ್ನಾಗಿ ನೋಡ್ಕೋತಾರೆ."

ಬೈ ಅಂದರೆ ಬೈಯುವುದಕ್ಕೆ ಬರುತ್ತದಾ? ಹುಟ್ಟಿದಾಗಿನಿಂದ ಗೊಣಗಿದವನಿಗೆ ಆಗ ಒಂದೂ ಮಾತು ಹೊಳೆಯಲಿಲ್ಲ. ಅವರ ಅಂಗಿ ನೋಡಿದೆ. ಮೇಲಿನ ಗುಂಡಿಯನ್ನು ಕೆಳಗಿನ ಕಾಜಕ್ಕೆ ಹಾಕಿಕೊಂಡಿದ್ದರು.

"ಗುಂಡಿ ನೋಡಿ ಹೇಗೆ ಹಾಕ್ಕೊಂಡಿದ್ದೀರಿ" ಅಂದೆ. ದನಿ ಏಳಲಿಲ್ಲ. "ಇಡೀ ಶೋರೂಮು ಸುತ್ತಿ ಬಂದ್ರಲ್ಲ ಇದೇ ಅವತಾರದಲ್ಲಿ. ಆ ಹುಡುಗಿ ಏನಂದ್ಕೊಂಡಿರ್ಬೇಕು? ಇಷ್ಟು ವಯಸ್ಸಾಯ್ತು, ಒಂದು ಗುಂಡಿ ಹಾಕೋಕೆ ಬರಲ್ಲ. ಗಾಳಿ ಬೀಸ್ತಿದೆ, ಒಂದು ಸ್ವೆಟರ್ ಹಾಕ್ಕೊಂಡು ಬರೋಣ ಅಂತ ಇಲ್ಲ. ನೆಗಡಿ ಬಂದ್ರೆ ಯಾರು ನೋಡ್ಬೇಕು?"

"ಹೂಂ" ಅಂದರು ಭಾವ.

"ಹೂಂ ಅಂತೆ. ಎಲ್ಲಾದಕ್ಕೂ ಒಂದು ಹೂಂ. ಮಂಡಿ ನೋವಂತೆ, ಮಂಡಿ ನೋವು. ಹೇಳೋಕೆ ಬಾಯಿ ಹೇಗೆ ಬಂತು ನಿಮಗೆ? ಫೋನ್ ಮಾಡಿದಾಗೆಲ್ಲ ಇನ್ನೂ ಇದೆ, ಇನ್ನೂ ಇದೆ. ನಾನು ಪೆದ್ದನ ಹಾಗೆ ನಂಬ್ಕೊಂಡು ಕೂತಿದ್ದೆ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ. ನಿಮ್ಮ ಸೀಟಲ್ಲಿ ಬೇರೆ ಯಾರನ್ನೂ ಕೂರಿಸದೆ ಕಾದಿದ್ದೆ. ಒಂದು ಮಾತು ಹೇಳೋಣ ಅಂತ ಅನ್ನಿಸ್ಲಿಲ್ವಾ? ಒಬ್ಬನ್ನೇ ಬಿಟ್ಟು ಹೋಗೋಕೆ ಮನಸ್ಸಾದ್ರೂ ಹೇಗೆ ಬಂತು?"

ಅದು ಅಕ್ಕನ ಬೈಗುಳವಾಗಿರಲಿಲ್ಲ, ಯಾವಾಗಲೋ ನನ್ನದಾಗಿಬಿಟ್ಟಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ದನಿ ಬೀದಿಗೆಲ್ಲ ಕೇಳಿಸುತ್ತಿತ್ತು. ಎದುರು ಮನೆಯವರು ಕಿಟಕಿಯ ಪರದೆ ಸರಿಸಿ ನೋಡಿದರು.

ಭಾವ ಎರಡೂ ಕೈಯಲ್ಲಿ ಕಿಟಕಿಯ ಅಂಚು ಹಿಡಿದುಕೊಂಡು, ಮುಖ ಮೇಲೆತ್ತಿ ನನ್ನನ್ನೇ ನೋಡುತ್ತಾ ನಿಂತಿದ್ದರು.

"ಇನ್ನೂ ಬೈಯಿ" ಅಂದರು.